ಉಸಿರಿನ ಲೆಕ್ಕ

ಇಮಾರಿಯ ಬಸ್ ಡಿಪೋದಲ್ಲಿ ನನ್ನ ಕೆಲಸ ಇಷ್ಟೇ:
ಬೆಳಗಿನ ಐದೂ ಹತ್ತಕ್ಕೆ ಚಾಲಕರ ಉಸಿರು ಅಳೆಯುವುದು.
ಕೊಳವೆಗೆ ಊದುತ್ತಾರೆ, ಯಂತ್ರ ಸೊನ್ನೆ ತೋರಿಸುತ್ತದೆ,
ಮೊಹರು ಒತ್ತಿ ಕೀಲಿಕೈ ಕೊಡುತ್ತೇನೆ.
ಹತ್ತೊಂಬತ್ತು ವರ್ಷ ಕಿನುಎಯ ಉಸಿರು ಅಳೆದೆ.
ಒಂದು ದಿನವೂ ಸೊನ್ನೆ ತಪ್ಪಲಿಲ್ಲ.
ಚಳಿಗಾಲದಲ್ಲಿ ಮಾತ್ರ ಒಂಚೂರು ಶುಂಠಿಯ ವಾಸನೆ,
ಅದನ್ನು ಬರೆಯಲು ವಹಿಯಲ್ಲಿ ಜಾಗವಿಲ್ಲ.

ಮೊದಲು ಬಂದದ್ದು ಬಿಕ್ಕಳಿಕೆ.
ಮೂರು ದಿನ ಅಂದುಕೊಂಡದ್ದು ಹದಿಮೂರಾಯಿತು.
ಬಾಯಿಗೆ ಸಕ್ಕರೆ ಹಾಕಿಕೊಂಡಳು, ಮೂಗು ಹಿಡಿದಳು,
ಲೋಟದ ಆಚೆ ಅಂಚಿನಿಂದ ಬಗ್ಗಿ ನೀರು ಕುಡಿದಳು.
ನೂರು ಸಲ ಬಿಕ್ಕಿದರೆ ಜೀವ ಹೋಗುತ್ತದೆ ಅಂತ
ಮಕ್ಕಳನ್ನು ಹೆದರಿಸುವ ಮಾತು ನಮ್ಮ ಕಡೆ.
ಸಾವಿರ ದಾಟಿತು, ಇನ್ನೂ ಇದ್ದೀನಿ ನೋಡಿ
ಅಂತ ನಕ್ಕಳು, ನಗುತ್ತಲೇ ಬಿಕ್ಕಿದಳು.
ಬಂದರಿನಲ್ಲಿ ಹತ್ತಿದ ನಾವಿಕನೊಬ್ಬ ಹೇಳಿದನಂತೆ:
ದೂರದ ಯಾವುದೋ ಸೀಮೆಯಲ್ಲಿ
ಬಿಕ್ಕಳಿಕೆ ಬಂದರೆ ಯಾರೋ ನೆನೆಸಿಕೊಂಡರು ಅನ್ನುತ್ತಾರೆ.
ಯಾರು, ನನ್ನನ್ನ? ಅಂದಳು.
ನಾನು ಟೈರುಗಳ ಪಟ್ಟಿಗೆ ತಲೆ ಬಗ್ಗಿಸಿದೆ.

ಆಮೇಲೆ ಕೆಂಪು ಹೋಯಿತು.
ಕತ್ತಲೆ ಅಲ್ಲ ಮೊದಲಿಗೆ, ಬರೀ ಕೆಂಪು:
ಸಿಗ್ನಲ್ ದೀಪ ಒಗೆದೊಗೆದು ಸೋತ ಬಟ್ಟೆಯ ಬಣ್ಣಕ್ಕೆ ತಿರುಗಿತು,
ಬುತ್ತಿಯ ಅನ್ನದ ಮೇಲಿನ ಉಪ್ಪಿನ ಪ್ಲಮ್
ಬೂದಿಯ ಉಂಡೆಯಾಯಿತು.
ಸೇತುವೆಗೆ ಮುಂಚೆ ಬಸ್ಸು ನಿಲ್ಲಿಸಿ
ಏಳು ಜನ ಪ್ರಯಾಣಿಕರಿಗೆ ತಲೆಬಾಗಿ
ನನಗೆ ಫೋನು ಮಾಡಿದಳು: ಬೇರೆಯವರನ್ನು ಕಳಿಸಿ.

ಸಾಗಾದ ಆಸ್ಪತ್ರೆಯಲ್ಲಿ ಮತ್ತೆ ಊದಿಸಿದರು, ಚೀಲಕ್ಕೆ.
ಈ ಸಲ ಸೊನ್ನೆ ಬರಲಿಲ್ಲ.
ಹೊಟ್ಟೆಯ ಮಡಿಕೆಯಲ್ಲಿ ತಿರುಪಿನಂಥ ಜೀವವೊಂದು
ಐವತ್ತೈದು ವರ್ಷದಿಂದ ಬಾಡಿಗೆ ಕೊಡದೆ ಕೂತಿದೆ;
ಅಜ್ಜಿಯ ಬಾವಿನೀರಿನ ಜೊತೆ ಬಂದಿರಬಹುದು,
ಅಂದರು ಡಾಕ್ಟರ್ ಇವನಾಗಾ.
ನನ್ನ ಯಂತ್ರ ಇಷ್ಟು ವರ್ಷ ಬೇರೆ ಪ್ರಶ್ನೆ ಕೇಳುತ್ತಿತ್ತು.

ಚೀಟಿಯ ಹಿಂಬದಿಗೆ ಚಿತ್ರ ಬರೆದು ತೋರಿಸಿದರು:
ನರವನ್ನು ಸಾಕುವ ಜೀವಕೋಶಗಳಿಗೆ
ನೀರು ಹೋಗಿಬರುವ ಸಣ್ಣ ಬಾಗಿಲುಗಳಿವೆ.
ರಕ್ತದ ಕಾವಲು ಆ ಬಾಗಿಲುಗಳನ್ನೇ ಒಡೆಯುತ್ತಿದೆ.
ಹೊಟ್ಟೆಯ ಅತಿಥಿಯ ಮೇಲೆ ವರ್ಷಗಟ್ಟಲೆ ಹಗೆ ಸಾಧಿಸಿ
ಹೋಲಿಕೆ ಕಂಡಲ್ಲೆಲ್ಲ ಕೈಯೆತ್ತಲು ಕಲಿತಿರಬಹುದು.
ಬಹುದು, ಅಂತ ಮತ್ತೊಮ್ಮೆ ಒತ್ತಿ ಹೇಳಿದರು.
ಕೆಲವು ಅಧ್ಯಯನ ಹೌದು ಅನ್ನುತ್ತವೆ, ಕೆಲವು ಅಲ್ಲ;
ಇದರ ಅಣ್ಣತಮ್ಮನಂಥ ಇನ್ನೊಂದು ಕಾಯಿಲೆಯಲ್ಲಿ
ಅದೇ ಕ್ರಿಮಿ ಕಾಪಾಡುವಂತೆಯೂ ಕಾಣುತ್ತದಂತೆ.
ಬಿಕ್ಕಳಿಕೆಯೂ ಹೊಟ್ಟೆಯದಲ್ಲ,
ಮಿದುಳಿನ ಬುಡದ್ದು.

ಬೇಲಿಯೇ ಎದ್ದು ಹೊಲ ಮೇಯಿತು ಅನ್ನೋಣವೇ?
ಬೇಲಿಗೆ ಹಸಿವಿರಲಿಲ್ಲ. ನೆನಪಿತ್ತು.
ಹಾಗಾದರೆ ನಾವಿಕ ಹೇಳಿದ್ದು ಪೂರ್ತಿ ಸುಳ್ಳಲ್ಲ.
ಅವಳ ರಕ್ತವೇ ಯಾರನ್ನೋ ನೆನೆಯುತ್ತಿತ್ತು
ಹಗಲೂ ರಾತ್ರಿ, ಬಿಡದೆ,
ನಾನು ಅವಳನ್ನು ನೆನೆದದ್ದಕ್ಕಿಂತ ಹೆಚ್ಚು.

ಆ ನೀರು ಎಷ್ಟು ತಣ್ಣಗಿತ್ತು ಗೊತ್ತಾ, ಅಂದಳು ಹಾಸಿಗೆಯಿಂದ,
ಕಲ್ಲಂಗಡಿಯನ್ನು ಬಲೆಯಲ್ಲಿ ಕಟ್ಟಿ ಬಾವಿಗೆ ಇಳಿಬಿಡುತ್ತಿದ್ದರು.
ಅಜ್ಜಿಯ ಸಮಾಧಿಗೆ ಹೋದಾಗ ಇದನ್ನೆಲ್ಲ ಹೇಳಬಾರದು.

ಏಳು ದಿನದ ಮಾತ್ರೆ. ಮರುಪರೀಕ್ಷೆಯಲ್ಲಿ ಕ್ರಿಮಿ ಇಲ್ಲ.
ಕಣ್ಣಿಗೆ ಆ ಸುದ್ದಿ ಇನ್ನೂ ಮುಟ್ಟಿಲ್ಲ:
ಬಲಗಣ್ಣು ಸ್ಟೆರಾಯ್ಡಿಗೆ ಅರ್ಧ ಮರಳಿತು, ಎಡಗಣ್ಣು ಹಾಗೇ.
ಲೈಸೆನ್ಸು ತಾನೇ ಹೋಗಿ ಒಪ್ಪಿಸಿ ಬಂದಳು.

ಈಗ ಬುಧವಾರಗಳಂದು ಬರುತ್ತಾಳೆ
ಟಿಕೆಟ್ಟು ಕೊಂಡು ಮುಂದಿನ ಸೀಟಿನಲ್ಲಿ ಕೂರಲು.
ಹೊರಡುವ ಮುಂಚೆ ಕಿಟಕಿಗೆ ಬಂದು, ಊದಲಾ? ಅನ್ನುತ್ತಾಳೆ.
ಹೊಸ ಕೊಳವೆ ಸಿಕ್ಕಿಸಿ ಕೊಡುತ್ತೇನೆ.
ಸೊನ್ನೆ. ಶುಂಠಿ.
ಕೊಡಲು ಕೀಲಿಕೈ ಇಲ್ಲ.

ನಿನ್ನೆ ರಾತ್ರಿ ನನಗೆ ಬಿಕ್ಕಳಿಕೆ ಹತ್ತಿತು.
ನೀರಿನ ಲೋಟ ಕೈಗೆಟಕುವಷ್ಟರಲ್ಲೇ ಇತ್ತು.
ಕುಡಿಯದೆ ಕೂತೆ.